ಏಳನೆಯ ಸುತ್ತು

ನಮ್ಮ ಮನೆಯ ಮುಂಬಾಗಿಲಿಗೆ ಯಾವಾಗಲೂ ಯಾರದೋ ಒಂದು ಗಾಡಿ ಅಡ್ಡ ನಿಂತಿರುತ್ತಿತ್ತು. ತಿ. ನರಸೀಪುರದಿಂದ ಮೈಸೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವ ಕಡೆ ನಮ್ಮ ಮನೆ. ಮುಂದೆ ಅಪ್ಪನ ತಗಡಿನ ಶೆಡ್ಡು, ಅದರ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ, ಹಿತ್ತಲಲ್ಲಿ ನೀರೊಲೆ ಮತ್ತು ಒಂದು ನುಗ್ಗೆಮರ. ನೆಂಟರು ಬಂದರೆ ಗಾಡಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಿಕೊಂಡು ಒಳಗೆ ಬರಬೇಕು. ಹೆಂಗಸರು ಗ್ರೀಸು ತಾಗದಿರಲಿ ಎಂದು ನೆರಿಗೆ ಎತ್ತಿ ಹಿಡಿದುಕೊಂಡೇ ಬರುತ್ತಿದ್ದರು. ಹೋಗುವಾಗ ನೋಡಿದರೆ ಬೆನ್ನ ಮೇಲೆ ಕರೀ ಪಟ್ಟೆ ಬಿದ್ದಿರುತ್ತಿತ್ತು. ಅವ್ವ ಸೀಮೆಎಣ್ಣೆ ಅದ್ದಿದ ಬಟ್ಟೆ ಹಿಡಿದುಕೊಂಡು ಅವರ ಹಿಂದೆ ಓಡುವಳು. ನಮ್ಮ ಮನೆಗೆ ರೇಷ್ಮೆ ಸೀರೆ ಉಟ್ಟು ಬಂದವರು ಎರಡನೇ ಸಲವೂ ಹಾಗೇ ಬಂದದ್ದನ್ನು ನಾನು ಕಾಣೆ.

ಅಪ್ಪನನ್ನು ಸುತ್ತಿನ ಊರುಗಳಲ್ಲಿ ಸ್ಟೇರಿಂಗ್ ಮಾದಪ್ಪ ಅನ್ನುತ್ತಿದ್ದರು. ಎಂಜಿನ್ನು, ಕರೆಂಟು, ಬ್ರೇಕು ಇವ್ಯಾವುದನ್ನೂ ಅವನು ಮುಟ್ಟುತ್ತಿರಲಿಲ್ಲ. ಡ್ರೈವರ್ ಕೈಯಲ್ಲಿರುವ ಸ್ಟೇರಿಂಗಿನಿಂದ ಮುಂದಿನ ಚಕ್ರಗಳ ತನಕ ಗಾಡಿಯ ಅಡಿಯಲ್ಲಿ ಕಬ್ಬಿಣದ ಸರಳುಗಳು ಹೋಗುತ್ತವಲ್ಲ, ಅಷ್ಟು ಮಾತ್ರ ಅವನ ರಾಜ್ಯ. ಆ ಸರಳಿನ ತುದಿಗೆ ಒಂದು ಕೀಲು ಇರುತ್ತದೆ, ತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಕೂತ ಹಾಗೆ ಒಂದು ಗುಂಡು. ಅದಕ್ಕೆ 'ಎಂಡು' ಅನ್ನುತ್ತಾರೆ. ಅದು ಸವೆದರೆ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ, ಇದು ಕೆಟ್ಟರೆ ಯಾರದೋ ಮನೆಯ ದೀಪ ಆರುತ್ತದೆ ಅನ್ನುವುದು ಅಪ್ಪನ ಮಾತು. ಮೂಗೂರಿನ ಕಡೆಯಿಂದ ಬಾಳೆಗೊನೆ, ಟೊಮೆಟೊ ಹೇರಿಕೊಂಡು ಹೋಗುವ ಪಿಕಪ್ಪಿನವರೆಲ್ಲ ಅವನ ಹತ್ತಿರವೇ ಬರುತ್ತಿದ್ದರು. ಮಾದಪ್ಪನ ಕೈ ಬಿದ್ದರೆ ಆಯಿತು, ಕಣ್ಣು ಮುಚ್ಚಿಕೊಂಡು ಓಡಿಸಬಹುದು ಅನ್ನುತ್ತಿದ್ದರು. ಆ ಮಾತೇ ನಮ್ಮ ಮನೆಯ ಅನ್ನ.

ಈ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಅಪ್ಪ ಗಾಡಿಯ ಅಡಿಯಲ್ಲಿ ಗೋಣಿತಾಟಿನ ಮೇಲೆ ಅಂಗಾತ ಮಲಗುವನು, ಅವ್ವ ಒಲೆಯ ಮೇಲಿನ ಎಸರನ್ನು ಹಾಗೇ ಬಿಟ್ಟು ಬಂದು ಡ್ರೈವರ್ ಸೀಟಿನಲ್ಲಿ ಕೂರುವಳು. ಅವನು ಕೆಳಗಿನಿಂದ 'ಎಡಕ್ಕೆ' ಅಂದರೆ ಒಂದು ಗೇಣು ಎಡಕ್ಕೆ, 'ಬಲಕ್ಕೆ' ಅಂದರೆ ಬಲಕ್ಕೆ, 'ಸಾಕು' ಅಂದರೆ ನಿಲ್ಲಿಸುವಳು. ಎಲ್ಲಿ ಸಡಿಲ ಇದೆ ಅನ್ನುವುದು ಆ ಅಲುಗಾಟದಲ್ಲಿ ಗೊತ್ತಾಗುತ್ತದೆ. ಬೇರೆ ಯಾರು ಕೂತರೂ ಅಪ್ಪನಿಗೆ ಆಗುತ್ತಿರಲಿಲ್ಲ. ಗಂಡಸರು ಎಮ್ಮೆ ಕೊಂಬು ಹಿಡಿದ ಹಾಗೆ ತಿರುಗಿಸುತ್ತಾರೆ, ನಿಮ್ಮವ್ವ ಮಜ್ಜಿಗೆ ಕಡೆದ ಹಾಗೆ ಆಡಿಸುತ್ತಾಳೆ ಅನ್ನುವನು. ಅವ್ವನಿಗೆ ಅಷ್ಟು ಹೊಗಳಿಕೆ ಸಾಕಾಗಿತ್ತು. ಅವಳ ಕಿವಿಯೂ ಅಷ್ಟೇ ಚುರುಕು. ಒಳಗೆ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿ, ಅದು ಗುಂಡಿನ ಸದ್ದಲ್ಲ, ಮೇಲಿನ ಬುಷ್ಷಿನ ಸದ್ದು ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ನೂರಕ್ಕೆ ತೊಂಬತ್ತು ಸಲ ಅದೇ ಆಗಿರುತ್ತಿತ್ತು. ಅಪ್ಪ ಮಾತ್ರ ತಾನೇ ಕಂಡುಹಿಡಿದವನ ಹಾಗೆ ಗಾಡಿಯವನಿಗೆ ಹೇಳುವನು.

ನನ್ನ ಕೆಲಸ ಎಣಿಕೆ. ಹಳೆಯ ಎಂಡನ್ನು ಸರಳಿನಿಂದ ತಿರುಗಿಸಿ ತೆಗೆಯುವಾಗ ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಗೆ ಬಂತು ಎಂದು ಎಣಿಸಬೇಕು, ಹೊಸದನ್ನು ಅಷ್ಟೇ ಸುತ್ತು ಹಾಕಬೇಕು. ಇಲ್ಲದಿದ್ದರೆ ಮುಂದಿನ ಎರಡು ಚಕ್ರಗಳು ಜಗಳ ಆಡಿದ ಓರಗಿತ್ತಿಯರ ಹಾಗೆ ಒಂದೊಂದು ಕಡೆಗೆ ಮುಖ ಮಾಡುತ್ತವೆ. ಅವ್ವನ ತವರು ತಗಡೂರು. ಅಲ್ಲಿ ಕಣದಲ್ಲಿ ರಾಗಿ ಅಳೆಯುವಾಗ ಮೊದಲನೆಯ ಕೊಳಗಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಲಾಭ, ಎರಡು, ಮೂರು. ಅವ್ವ ಶೆಡ್ಡಿಗೂ ಅದನ್ನೇ ತಂದಳು, ನನಗೂ ಅದನ್ನೇ ಕಲಿಸಿದಳು. ಶಾಲೆಯಲ್ಲಿ ಮೇಷ್ಟರು ಮಕ್ಕಳನ್ನು ಎಣಿಸು ಅಂದಾಗ ನಾನು ಮೊದಲನೆಯವನ ತಲೆ ಮುಟ್ಟಿ ಲಾಭ ಅಂದುಬಿಟ್ಟೆ. ಇಡೀ ತರಗತಿ ನಕ್ಕಿತು. ಆ ಹುಡುಗನಿಗೆ ಶಾಲೆ ಬಿಡುವ ತನಕ ಲಾಭ ಎಂದೇ ಹೆಸರು.

ನನಗೆ ಒಬ್ಬ ತಮ್ಮ ಇದ್ದ, ನಂಜುಂಡ. ನಾನು ಹುಟ್ಟಿ ಆರು ವರ್ಷಕ್ಕೆ, ನಂಜನಗೂಡಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು. ಮೊದಲ ಕೂದಲನ್ನು ಅಲ್ಲೇ ಮುಡಿ ಕೊಡುವುದು ಎಂದಾಗಿತ್ತು. ಆದರೆ ಒಂದು ಸಲ ಅಪ್ಪನಿಗೆ ಕೆಲಸ, ಇನ್ನೊಂದು ಸಲ ಬಳಗದಲ್ಲಿ ಸೂತಕ, ಹೀಗೆ ಮುಂದಕ್ಕೆ ಹೋಗುತ್ತಾ ಮೂರೂವರೆ ವರ್ಷವಾದರೂ ಅವನ ತಲೆಗೆ ಕತ್ತಿ ತಾಗಿರಲಿಲ್ಲ. ಅವ್ವ ದಿನಾ ಎಣ್ಣೆ ಹಚ್ಚಿ ಜಡೆ ಹೆಣೆಯುವಳು, ಕನಕಾಂಬರ ಮುಡಿಸುವಳು. ಕೂದಲು ಅವನದೇ ಚೆಂದ, ನನ್ನದು ತೆಂಗಿನ ನಾರು. ನನಗೆ ಹೊಟ್ಟೆಕಿಚ್ಚು. ಗಾಡಿಯವರು ಹೆಣ್ಣುಮಗು ಎಂದು ಕೆನ್ನೆ ಹಿಂಡಿದರೆ ಅವನು ಚಡ್ಡಿ ಕೆಳಗಿಳಿಸಿ ತೋರಿಸುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪನ ತೊಡೆ ಯಾರದು ಎಂದು ನಮ್ಮಿಬ್ಬರಿಗೂ ಜಗಳ. ಅಪ್ಪ ಮರದ ಹೊಟ್ಟಿನಲ್ಲಿ ಕೈ ಉಜ್ಜಿ ತೊಳೆದು ಬಂದು, ಉಪ್ಸಾರಿನಲ್ಲಿ ಮುದ್ದೆಯ ತುತ್ತು ಅದ್ದಿ ಒಂದು ಅವನ ಬಾಯಿಗೆ, ಒಂದು ನನ್ನ ಬಾಯಿಗೆ ಇಡುತ್ತಿದ್ದ. ಎಷ್ಟು ತೊಳೆದರೂ ಆ ಬೆರಳಿನಲ್ಲಿ ಗ್ರೀಸಿನ ವಾಸನೆ. ಈಗಲೂ ಉಪ್ಸಾರು ಎಲ್ಲಿ ಉಂಡರೂ ಏನೋ ಒಂದು ರುಚಿ ಕಡಿಮೆ ಅನ್ನಿಸುತ್ತದೆ.

ಆ ದಿನ ಲಗ್ನಸರಿ. ಮೂಗೂರಿನ ಶಿವಣ್ಣ ಎಂಬವನು ಹಿಂದಿನ ಸಂಜೆ ತನ್ನ ಪಿಕಪ್ಪನ್ನು ನಮ್ಮಲ್ಲಿ ಬಿಟ್ಟು ಮದುವೆಗೆ ಹೋಗಿದ್ದ. ಮುಂದಿನ ಎರಡೂ ಕಡೆಯ ಎಂಡು ಬದಲಾಯಿಸಬೇಕಿತ್ತು. ಬೆಳಗ್ಗೆ ಅಪ್ಪ ಒಂದು ಕಡೆಯದನ್ನು ಮುಗಿಸಿದ. ಇನ್ನೊಂದು ಕಡೆಯ ಹಳೆಯ ಎಂಡನ್ನೂ ಬಿಚ್ಚಿದ್ದ. ನಾನೇ ಎಣಿಸಿದ್ದೆ, ಹದಿನಾರು ಸುತ್ತು. ತಮ್ಮನಿಗೆ ಹಿಂದಿನ ದಿನದಿಂದ ಜ್ವರ. ಹತ್ತು ಗಂಟೆಯ ಹೊತ್ತಿಗೆ ಅವನ ಕಣ್ಣು ಮೇಲೆ ಸಿಕ್ಕಿ, ಕೈಕಾಲು ಸೆಟೆದುಕೊಂಡವು. ಅವ್ವ ಎತ್ತಿಕೊಂಡು ಬೀದಿಯ ಡಾಕ್ಟರ ಬಳಿಗೆ ಓಡಿದಳು, ಅಷ್ಟೇ ಬೇಗ ವಾಪಸು ಓಡಿ ಬಂದಳು. ಒಂದು ಸೂಜಿ ಹಾಕಿದ್ದೀನಿ, ಇಲ್ಲಿ ಆಗುವುದಿಲ್ಲ, ಈ ಗಳಿಗೆಯೇ ಮೈಸೂರಿಗೆ ಹೊರಡಿ ಅಂದರಂತೆ. ಊರಿನ ಕಾರು ಜೀಪು ಒಂದೂ ಇರಲಿಲ್ಲ, ಎಲ್ಲ ಮದುವೆಗಳಿಗೆ ಹೋಗಿದ್ದವು. ಮೈಸೂರಿನ ಬಸ್ಸು ಬರಲು ಇನ್ನು ಕಾಲು ಗಂಟೆ. ಅವ್ವ ರಸ್ತೆಗೆ ಹೊರಟೇಬಿಟ್ಟಿದ್ದಳು. ಅಪ್ಪ ತಡೆದ.

"ಬಸ್ಸು ಊರೂರಲ್ಲೂ ನಿಂತ್ಕಂಡು ಓಗಗಂಟ ಮದ್ಯಾನ ಆಯ್ತದೆ ಕಣಮ್ಮಿ. ಅತ್ತು ನಿಮ್ಸ ಕೊಡು. ಒಂದೇ ಎಂಡು ಬಾಕಿ. ಬಸ್ನ ಹಿಂದಾಕ್ಕಂಡು ಓಗಾನ."

ಅವ್ವ ನಂಬಿದಳು. ಯಾರು ನಂಬುತ್ತಿರಲಿಲ್ಲ? ಸ್ಟೇರಿಂಗ್ ಮಾದಪ್ಪ ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ. ಅವಳು ಶೆಡ್ಡಿನ ಕಲ್ಲುಬೆಂಚಿನ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಳು. ಅಪ್ಪ ಅಡಿಗೆ ನುಗ್ಗಿದ. ನಾನು ಬಿಚ್ಚಿಟ್ಟ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಎಣಿಸು ಅಂದ. ಲಾಭ ಅಂದೆ. ಎರಡು ಅಂದೆ. ತಮ್ಮನ ಜಡೆ ಅವ್ವನ ತೊಡೆಯಿಂದ ಕೆಳಗೆ ಇಳಿಬಿದ್ದು ಅಲುಗುತ್ತಿತ್ತು, ಮತ್ತೆ ಸೆಳವು ಬಂದಿತ್ತು. ನನ್ನ ಕಣ್ಣು ಅಲ್ಲಿ, ಬಾಯಿ ಇಲ್ಲಿ. ಮೂರು, ನಾಲ್ಕು, ಐದು, ಆರು. ಅಪ್ಪ ಸ್ಪ್ಯಾನರಿಗೆ ಮೈಭಾರ ಹಾಕಿ ತಿರುಗಿಸುತ್ತಿದ್ದ. ಕಬ್ಬಿಣ ಒಂದು ಥರ ಕಿರ್ರೆಂದು ಹಲ್ಲು ಕಡಿದ ಹಾಗೆ ಸದ್ದು ಮಾಡಿತು. ಏಳು ಅಂದೆ. ಅಪ್ಪ ತಿರುಗಿಸುವುದನ್ನು ನಿಲ್ಲಿಸಿಬಿಟ್ಟ. ಕೆಳಗಿನಿಂದ ಅವನ ದನಿ ಬೇರೆ ಯಾರದೋ ಥರ ಬಂತು.

"ಎಷ್ಟಾಯ್ತು?"

"ಏಳು, ಅಪ್ಪ."

"ಏಳಲ್ಲ. ಎಣಿಕೆ ತಪ್ಪ್ಬುಟ್ಟೆ ನೀನು. ಬುಚ್ಚಬೇಕು. ಮೊದ್ಲಿಂದ ಎಣಿಸು."

ಅವನು ಎಂಡನ್ನು ಬಿಚ್ಚಿ ಹೊರಗೆ ತೆಗೆದ. ಹೊರಗೆ ಬಂದು ಗೂಡಿನಿಂದ ಕಬ್ಬಿಣ ಉಜ್ಜುವ ಮೂರು ಮೂಲೆಯ ಅರ ಹುಡುಕಿ ತಂದು, ಬೆಳಕಿಗೆ ಬೆನ್ನು ಮಾಡಿಕೊಂಡು ಏನನ್ನೋ ಉಜ್ಜಿದ. ಧೂಳು ತೆಗೆಯುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಬಸ್ಸು ಬಂತು. ನಮ್ಮ ಶೆಡ್ಡಿನ ಮುಂದೆ ತಿರುವು ಇರುವುದರಿಂದ ಎಲ್ಲ ಡ್ರೈವರುಗಳೂ ಅಲ್ಲಿ ಹಾರನ್ ಹೊಡೆಯುತ್ತಾರೆ. ಅವ್ವ ಎದ್ದು ನಿಂತಳು. ಅಪ್ಪ ಆಗಲೇ ಮತ್ತೆ ಅಡಿಗೆ ಹೋಗಿದ್ದ, ಇನ್ನೇನು ಆಯಿತು, ಇನ್ನೇನು ಆಯಿತು ಅನ್ನುತ್ತಿದ್ದ. ಅವ್ವ ಒಂದು ಹೆಜ್ಜೆ ರಸ್ತೆಯ ಕಡೆಗೆ ಇಟ್ಟಳು, ನಿಂತಳು, ಬಸ್ಸು ಹೋಯಿತು. ಆ ಒಂದು ಹೆಜ್ಜೆಯನ್ನು ನೋಡಿದವಳು ನಾನೊಬ್ಬಳೇ. ನಾನು ಲಾಭದಿಂದ ಶುರು ಮಾಡಿ, ಬೆರಳು ಮಡಿಸಿ ಮಡಿಸಿ, ಹದಿನಾರು ಎಣಿಸಿದೆ. ಅಪ್ಪ ನಟ್ಟು ಬಿಗಿದ, ಪಿನ್ನು ತೂರಿಸಿ ಅದರ ಎರಡೂ ಕಾಲನ್ನು ಮಡಚಿದ, ಚಕ್ರ ಹಾಕಿದ. ಆಮೇಲೆ ಒಂದು ಮಾತು ಅಂದ. ಆ ಮಾತನ್ನು ಅನ್ನದೇ ಇದ್ದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

"ಒಂದ್ಸಲ ಕುಂತ್ಕಂಡು ಆಡಿಸು ಬಾ."

ಅವ್ವ ಅವನನ್ನೇ ನೋಡಿದಳು. ಆಮೇಲೆ ಕೂಸನ್ನು ಎಡಗೈಲಿ ಎದೆಗೆ ಒತ್ತಿಕೊಂಡು ಡ್ರೈವರ್ ಸೀಟಿಗೆ ಹತ್ತಿದಳು. ಎಡಕ್ಕೆ ಅಂದ, ಬಲಗೈ ಒಂದರಲ್ಲೇ ಎಡಕ್ಕೆ ತಿರುಗಿಸಿದಳು. ಬಲಕ್ಕೆ ಅಂದ, ತಿರುಗಿಸಿದಳು. ಸಾಕು ಅಂದ.

ಅಪ್ಪ ಓಡಿಸಿದ. ಅವ್ವ ಕಿಟಕಿಯ ಕಡೆ, ನಾನು ನಡುವೆ, ಗೇರಿನ ಕೋಲು ನನ್ನ ಮಂಡಿಗೆ ಬಡಿಯುತ್ತಿತ್ತು. ಅವನು ಯಾವತ್ತೂ ಹಾಗೆ ಓಡಿಸಿದವನಲ್ಲ. ಗಾಡಿ ಮಾತ್ರ ಗೆರೆ ಎಳೆದ ಹಾಗೆ ನೆಟ್ಟಗೆ ಹೋಯಿತು, ಒಂದು ಚೂರೂ ಅಲುಗಲಿಲ್ಲ. ವರುಣಾದ ಹತ್ತಿರ ಬಸ್ಸು ಜನ ಇಳಿಸುತ್ತಾ ನಿಂತಿತ್ತು. ನಾವು ಅದನ್ನು ದಾಟಿದೆವು. ಅಪ್ಪ ಅವ್ವನ ಕಡೆ ತಿರುಗಿ, ನೋಡಿದೆಯಾ, ಬಸ್ಸನ್ನು ಹಿಂದೆ ಹಾಕಿದೆವು ಅಂದ. ಅವನ ಮುಖದಲ್ಲಿ ನಿಜವಾಗಿ ಸಂತೋಷ ಇತ್ತು. ಅವ್ವ ಕೂಸಿನ ಬಾಯಿಗೆ ತನ್ನ ಕೆನ್ನೆ ಇಟ್ಟುಕೊಂಡು ಕೂತಿದ್ದಳು. ಬಹಳ ಹೊತ್ತಿನಿಂದ ಹಾಗೇ ಕೂತಿದ್ದಳು. ಅಪ್ಪ ಇನ್ನೂ ಒಂದಷ್ಟು ದೂರ ಅದೇ ವೇಗದಲ್ಲಿ ಓಡಿಸಿದ, ಆಮೇಲೆ ತಾನಾಗೇ ಕಾಲು ಸಡಿಲ ಬಿಟ್ಟ. ಗಾಡಿ ರಸ್ತೆಯ ಬದಿಗೆ ಬಂದು ನಿಂತಿತು. ಸ್ವಲ್ಪ ಹೊತ್ತಿಗೆ ಆ ಬಸ್ಸು ಹಾರನ್ ಹೊಡೆದುಕೊಂಡು ನಮ್ಮನ್ನು ದಾಟಿ ಹೋಯಿತು.

ಮುಡಿ ಕೊಡದ ತಲೆಯಲ್ಲೇ ಅವನನ್ನು ಮಣ್ಣು ಮಾಡಿದರು. ಜಡೆಯಲ್ಲಿ ಹಿಂದಿನ ದಿನದ ಹೂವು ಇತ್ತು. ತಿಂಗಳು ಕಳೆದ ಮೇಲೆ ಅವ್ವ ಒಬ್ಬಳೇ ನಂಜನಗೂಡಿನ ಬಸ್ಸು ಹತ್ತಿ ಹೋಗಿ, ಅವನ ಹೆಸರಿನಲ್ಲಿ ತನ್ನ ತಲೆಗೂದಲನ್ನು ಕೊಟ್ಟು ಬಂದಳು. ಬೋಳುತಲೆಯ ಮೇಲೆ ಸೆರಗು ಹೊದ್ದು ಗಾಡಿಯ ಪಕ್ಕ ನುಸುಳಿ ಒಳಗೆ ಬಂದವಳನ್ನು ನೋಡಿ ನಾನು ಯಾರೋ ಅಂದುಕೊಂಡೆ.

ಅದಕ್ಕೂ ಮೊದಲು, ಮಣ್ಣು ಮಾಡಿದ ಮೂರನೆಯ ದಿನ, ಶಿವಣ್ಣ ಪಿಕಪ್ಪು ತೆಗೆದುಕೊಂಡು ಹೋಗಲು ಬಂದ. ಜಗಲಿಯ ಮೇಲೆ ಇನ್ನೂ ನಾಲ್ಕಾರು ಜನ ಕೂತಿದ್ದರು. ನಿನ್ನ ಕೈಯಲ್ಲೂ ತಡ ಆಯಿತಾ ಮಾದಪ್ಪಣ್ಣ ಎಂದು ಅವನು ಕೇಳಿದ. ಸುಮ್ಮನೆ ಸಂಕಟಕ್ಕೆ ಕೇಳಿದ್ದು. ಅಪ್ಪ ತಲೆ ಬಗ್ಗಿಸಿಕೊಂಡೇ ಹೇಳಿದ.

"ಕೂಸು ಎಣಿಕೆ ತಪ್ಪ್ಬುಡ್ತು. ಬುಚ್ಚಿ ಮತ್ತೆ ಆಕ್ಬೇಕಾಯ್ತು."

ಎಲ್ಲರೂ ನನ್ನನ್ನು ನೋಡಿದರು. ಶಿವಣ್ಣ ಒಳ್ಳೆಯವನು. ನನ್ನ ತಲೆ ಸವರಿ, ಲಾಭ ಅಂದ ಮೇಲೆ ಮತ್ತೆ ಒಂದು ಅಂದಿರುತ್ತದೆ, ಮಗು ತಾನೇ, ಅದೇನು ಬೇಕೆಂದು ಮಾಡಿತೇ ಅಂದ. ಹೊಡೆದಿದ್ದರೆ ಚೆನ್ನಾಗಿತ್ತು. ಆ ಸವರಿದ ಕೈಯಿಂದ ನನ್ನ ತಪ್ಪು ಊರಿಗೆಲ್ಲ ಖಾತ್ರಿಯಾಯಿತು. ನನಗೂ ಆಯಿತು. ಲಾಭ ಅಂದ ಮೇಲೆ ಎರಡು ಅಂದೆನೇ, ಒಂದು ಅಂದೆನೇ? ಮೊದಮೊದಲು ಎರಡು ಅಂದದ್ದು ನೆನಪಿತ್ತು. ರಾತ್ರಿ ಹಗಲು ಅದನ್ನೇ ನೆನೆದು ನೆನೆದು, ಕೊನೆಗೆ ಒಂದು ಅಂದದ್ದೂ ನೆನಪಿಗೆ ಬರತೊಡಗಿತು.

ಆ ದಿನದಿಂದ ಅವ್ವ ಅಪ್ಪನ ಜೊತೆ ಮಾತು ಬಿಟ್ಟಳು. ಜಗಳ ಆಡಲಿಲ್ಲ, ತವರಿಗೆ ಹೋಗಲಿಲ್ಲ, ಒಂದು ದಿನವೂ ಅಡುಗೆ ತಪ್ಪಿಸಲಿಲ್ಲ. ಮಾತು ಮಾತ್ರ ಇಲ್ಲ. ನಿಮ್ಮಪ್ಪನನ್ನು ಊಟಕ್ಕೆ ಕರಿ ಎಂದು ನನಗೆ ಹೇಳುವಳು, ಅಪ್ಪ ಎರಡು ಮಾರು ದೂರದಲ್ಲೇ ಕೂತಿದ್ದರೂ. ಸಂತೆಗೆ ಏನು ತರಬೇಕು ಎಂದು ನಿಮ್ಮವ್ವನನ್ನು ಕೇಳು ಎಂದು ಅವನು ನನಗೆ ಹೇಳುವನು. ನಾನು ಇಬ್ಬರ ನಡುವೆ ಮಾತು ಸಾಗಿಸುವ ಗಾಡಿಯಾದೆ. ಇವತ್ತು ನನಗೆ ಬಾಯಿ ಜಾಸ್ತಿ ಅನ್ನುತ್ತಾರಲ್ಲ, ಆ ಬಾಯಿ ಬೆಳೆದದ್ದು ಹೀಗೆ. ಆದರೆ ಶೆಡ್ಡಿನ ಕೆಲಸ ನಿಲ್ಲಲಿಲ್ಲ. ಗಾಡಿ ಬಂದರೆ ಅವ್ವ ಕೈ ಒರೆಸಿಕೊಂಡು ಬಂದು ಸೀಟಿನಲ್ಲಿ ಕೂರುವಳು. ಅಪ್ಪ ಕೆಳಗಿನಿಂದ ಎಡಕ್ಕೆ ಅನ್ನುವನು, ಅವಳು ಆಡಿಸುವಳು. ಬಲಕ್ಕೆ. ಸಾಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗಂಡ ಹೆಂಡತಿಯ ನಡುವೆ ನೇರವಾಗಿ ನಡೆದದ್ದು ಈ ಮೂರು ಮಾತು, ಅದೂ ಒಂದೇ ಕಡೆಯಿಂದ, ನಡುವೆ ಒಂದು ಗಾಡಿ ಇಟ್ಟುಕೊಂಡು. ಅಪ್ಪ ಒಮ್ಮೊಮ್ಮೆ ಸಡಿಲ ಸಿಕ್ಕಿದ ಮೇಲೂ ಎಡಕ್ಕೆ, ಬಲಕ್ಕೆ ಅನ್ನುತ್ತಲೇ ಇರುತ್ತಿದ್ದ. ಸುಮ್ಮನೆ.

ಎಣಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಅಪ್ಪ ಬಿಡಲಿಲ್ಲ, ನೀನೇ ಎಣಿಸು, ನೀನು ಎಣಿಸಿದಷ್ಟೇ ಸರಿ ಅಂದ. ಅಂದಿನಿಂದ ನಾನು ಹನ್ನೆರಡು ಅಂದರೂ ಸರಿ, ಹದಿಮೂರು ಅಂದರೂ ಸರಿ, ಒಂದು ದಿನವೂ ತಪ್ಪು ಅನ್ನಲಿಲ್ಲ. ಒಮ್ಮೆ ಪರೀಕ್ಷೆ ಮಾಡಲೆಂದು ಬೇಕೆಂದೇ ಎರಡು ಹೆಚ್ಚು ಹೇಳಿದೆ. ಸರಿ ಕಣಮ್ಮಿ ಎಂದು ಅಷ್ಟೇ ಹಾಕಿದ. ಗಾಡಿಯವನು ಹೋದ ಮೇಲೆ ಹೆದರಿ ನಿಜ ಹೇಳಿದರೆ, ಸೈಕಲ್ ಹತ್ತಿ ಅವನ ಊರಿಗೇ ಹೋಗಿ ಸರಿಮಾಡಿ ಬಂದ, ನನಗೆ ಒಂದು ಮಾತೂ ಅನ್ನಲಿಲ್ಲ. ನನಗೆ ಹೊಸ ಬಟ್ಟೆ ತರುವನು, ಮೊದಲ ತುತ್ತು ನನಗೆ ಇಡುವನು. ತಪ್ಪು ಮಾಡಿದ ಮಗಳನ್ನು ಹೀಗೆ ನೋಡಿಕೊಳ್ಳುವ ಅಪ್ಪ ಯಾರಿಗಿದ್ದಾನೆ ಅಂದುಕೊಂಡು ನಾನು ಇನ್ನಷ್ಟು ಕುಗ್ಗಿದೆ.

ಬೆಳೆದು ನಾನು ಸರ್ಕಾರಿ ಬಸ್ಸಿನ ಕಂಡಕ್ಟರಾದೆ. ಸುಮಾರು ವರ್ಷ ಇದೇ ಮೈಸೂರಿನ ದಾರಿ, ನಮ್ಮ ಶೆಡ್ಡಿನ ಮುಂದೆಯೇ. ಕಂಕುಳಲ್ಲಿ ಮಗು ಇಟ್ಟುಕೊಂಡು ಯಾರಾದರೂ ಓಡಿಬರುವುದು ಕಂಡರೆ ಸ್ಟಾಪು ಇರಲಿ ಬಿಡಲಿ ಸೀಟಿ ಊದಿಬಿಡುತ್ತೇನೆ. ಡ್ರೈವರುಗಳು ನನ್ನ ಮೇಲೆ ಎಷ್ಟು ಸಲ ರೇಗಿದ್ದಾರೋ, ನಾನು ಎಷ್ಟು ಸಲ ಅವರ ಬಾ‌ಯಿ ಮುಚ್ಚಿಸಿದ್ದೇನೋ. ಆದರೆ ಜನರ ತಲೆ ಎಣಿಸುವಾಗ ಮೂರು ಸಲ ಎಣಿಸುತ್ತೇನೆ. ಲಾಭ ಎಂದು ಶುರು ಮಾಡುವುದಿಲ್ಲ. ಮೂರು ಸಲವೂ ಒಂದೇ ಲೆಕ್ಕ ಬಂದರೂ ನಂಬಿಕೆ ಬರುವುದಿಲ್ಲ, ನಾಲ್ಕನೆಯ ಸಲ ಎಣಿಸಲು ಹೋದರೆ ಜನ ನಗುತ್ತಾರೆ. ಮನೆಯಲ್ಲಿ ಅಕ್ಕಿಯ ಅಳತೆ, ಮಾತ್ರೆಯ ಲೆಕ್ಕ ಎಲ್ಲ ನನ್ನ ಗಂಡನದೇ. ಒಮ್ಮೆ ಡಿಪೋದ ಮೆಕಾನಿಕ್ಕು ಎಂಡು ಹಾಕುತ್ತಿದ್ದಾಗ, ಒಂದು ಸುತ್ತು ಹೆಚ್ಚುಕಡಿಮೆ ಆದರೆ ಏನಾಗುತ್ತದೆ ಎಂದು ಕೇಳಿದೆ. ಟೈರು ಬೇಗ ಸವೆಯುತ್ತದೆ ಅಷ್ಟೇ, ಮೈಸೂರಿಗೆ ಹೋಗಿಬರಲು ಏನೂ ಅಡ್ಡಿಯಿಲ್ಲ ಅಂದ. ಹಾಗಾದರೆ ಅಪ್ಪ ಯಾಕೆ ಬಿಚ್ಚಿದ? ಆ ಪ್ರಶ್ನೆ ನನ್ನ ಬಾಯಿಯ ತುದಿಗೆ ಬಂದು ಎಷ್ಟೋ ವರ್ಷ ಅಲ್ಲೇ ಕೂತಿತ್ತು. ಅಪ್ಪನ ಕೈ ಸೋತು, ಸ್ಪ್ಯಾನರ್ ಹಿಡಿಯಲಾಗದೆ ಜಗಲಿಯ ಮೇಲೆ ಕೂತ ಮೇಲೂ ಕೇಳಲು ಧೈರ್ಯ ಬರಲಿಲ್ಲ. ಹೋದ ವರ್ಷ ಅವನು ತೀರಿಕೊಂಡ. ಕೊನೆಯ ಎರಡು ದಿನ ಬಾಯಿ ಬಿದ್ದುಹೋಗಿತ್ತು. ಅವ್ವ ಪಕ್ಕದಲ್ಲಿ ಕೂತು ಚಮಚದಲ್ಲಿ ನೀರು ಬಿಟ್ಟಳು, ಮಾತು ಆಡಲಿಲ್ಲ.

ಈಗ ಶೆಡ್ಡನ್ನು ಬೇರೆ ಮೆಕಾನಿಕ್ಕಿಗೆ ಬಾಡಿಗೆಗೆ ಕೊಟ್ಟಿದ್ದೇವೆ, ನಂಜನಗೂಡಿನ ಕಡೆಯವನು, ನಲವತ್ತು ದಾಟಿದವನು. ಮೊನ್ನೆ ನನ್ನ ವಾರದ ರಜೆ. ಅವ್ವನೂ ನಾನೂ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅವನು ಪಿಕಪ್ಪೊಂದರ ಅಡಿಯಲ್ಲಿ ಮಲಗಿ ಎಂಡು ಹಾಕುತ್ತಿದ್ದ. ಕಿರ್ರೆಂದು ಸದ್ದು ಬಂತು, ಹಲ್ಲು ಕಡಿದ ಹಾಗೆ. ನನ್ನ ಕೈಯಲ್ಲಿದ್ದ ಕಾಯಿ ಜಾರಿತು. ಅವ್ವ ತಲೆ ಎತ್ತದೆಯೇ ಅವನಿಗೆ ಕೂಗಿ ಹೇಳಿದಳು.

"ತ್ರೆಡ್ಡು ಅಡ್ಡ ಕಚ್ಚಕತಾ ಅದೆ ಕಣ್ಲಾ. ಮೈಬಲ ಬುಡಬ್ಯಾಡ, ಬುಚ್ಚು. ಅರದಲ್ಲಿ ಉಜ್ಜಿ ಮತ್ತೆ ಆಕು."

ಅವನು ಬಿಚ್ಚಿ ನೋಡಿದ, ಹೌದು ಅಂದ. ತುದಿ ಓರೆಯಾಗಿ ಕೂತಿತ್ತು, ತಿರುಪಿನ ಗೆರೆಗಳು ಒಂದರ ಮೇಲೊಂದು ಹತ್ತಿ ಜಜ್ಜಿಹೋಗಿದ್ದವು. ಅವನು ಅರ ತಂದು ಉಜ್ಜತೊಡಗಿದ. ಮೂರು ಮೂಲೆಯ ಅರ. ನಾನು ಅವ್ವನ ಮುಖ ನೋಡಿದೆ. ಅವಳು ಸುಲಿಯುತ್ತಿದ್ದ ಕೈ ನಿಲ್ಲಿಸಿದ್ದಳು. ಅವಳಿಗೂ ನಾನು ಏನು ಕೇಳುತ್ತೇನೆ ಎಂದು ಗೊತ್ತಾಗಿತ್ತು.

"ಅವ್ವ, ಅವತ್ತೂ ಇದೇ ಸದ್ದು ಅಲ್ವಾ?"

ಅವಳು ಮಡಿಲಿನ ಸಿಪ್ಪೆಯನ್ನು ಕೊಡವಿದಳು. ಆಮೇಲೆ ಹೇಳಿದಳು. ಅಪ್ಪನ ಕೈ ಅವತ್ತು ಗಡಗಡ ನಡುಗುತ್ತಿತ್ತಂತೆ. ಕಲ್ಲುಬೆಂಚಿನಿಂದ ಅವಳಿಗೆ ಕಾಣುತ್ತಿತ್ತಂತೆ. ನಡುಗುವ ಕೈಯಲ್ಲಿ ಓರೆಯಾಗಿ ಕೂರಿಸಿ, ಹೋಗದಿದ್ದರೂ ಮೈಭಾರ ಹಾಕಿ ತಿರುಗಿಸಿದ, ಏಳನೆಯ ಸುತ್ತಿನಲ್ಲಿ ಅದು ಕಚ್ಚಿಕೊಂಡು ನಿಂತಿತು. ಸದ್ದು ಕೇಳಿದ ಕೂಡಲೇ ಅವಳಿಗೆ ಗೊತ್ತಾಯಿತಂತೆ. ಹೇಳಿದವಳು ಒಂದು ಅವರೆಕಾಯಿ ಎತ್ತಿಕೊಂಡಳು, ಸುಲಿಯಲಿಲ್ಲ.

"ಅದಕ್ಕೇ ನಾ ಮಾತು ಬುಟ್ಟಿದ್ದು. ಕೂಸು ಓದದ್ಕಲ್ಲ. ಅದು ಸಿವನಿಚ್ಚೆ. ಬಸ್ಸಲ್ಲಿ ಓಗಿದ್ರೂ ಉಳೀತಿತ್ತೋ ಇಲ್ವೋ ಯಾರಿಗ್ಗೊತ್ತು. ಒಂದು ಕೂಸ ಮಣ್ಣಲ್ಲಿ ಮಡಗಿ, ಅದ್ನ ಇನ್ನೊಂದು ಕೂಸಿನ ತಲೆ ಮ್ಯಾಲೆ ಆಕ್ಬುಟ್ಟನಲ್ಲ ನಿಮ್ಮಪ್ಪ. ಅದಕ್ಕೆ."

ನಾನು ಐವತ್ತರ ಹತ್ತಿರದ ಹೆಂಗಸು. ಬಸ್ಸಿನಲ್ಲಿ ಕುಡುಕರನ್ನು ಕುತ್ತಿಗೆ ಹಿಡಿದು ಇಳಿಸಿದವಳು. ನನ್ನ ದನಿ ಹತ್ತು ವರ್ಷದ ಹುಡುಗಿಯದಾಗಿ ಬಂತು. ಹಾಗಾದರೆ ಜಗಲಿಯ ಮೇಲೆ ಅಷ್ಟು ಜನರ ಮುಂದೆ ನೀನು ಯಾಕೆ ಬಾಯಿ ಬಿಡಲಿಲ್ಲ, ಆಮೇಲಾದರೂ ನನಗೆ ಒಬ್ಬಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವ್ವ ನನ್ನನ್ನು ನೋಡದೆ, ಪಿಕಪ್ಪಿನ ಕಡೆ ನೋಡುತ್ತಾ ಹೇಳಿದಳು.

"ಮಾದಪ್ಪನ ಕೈ ತಪ್ತು ಅಂದ್ರೆ ಯಾರು ಗಾಡಿ ತತ್ತಿದ್ರು ಮಗಾ? ಕೂಸು ಎಣಿಕೆ ತಪ್ತು ಅಂದ್ರೆ ಯಾರೂ ಏನೂ ಅನ್ನಕಿಲ್ಲ. ನಾವು ಉಣ್ಬೇಕಿತ್ತು. ನೀನೂ ಉಣ್ಬೇಕಿತ್ತು."

ಅವಳೇ ಮತ್ತೆ ಹೇಳಿದಳು, ತನಗೇ ಹೇಳಿಕೊಂಡ ಹಾಗೆ.

"ನೀ ಚಿಕ್ಕೋಳು. ಮರ್ತೋಯ್ತೀಯ ಅನ್ಕಂಡೆ."

ಕೋಪ ಬಂತು, ಇಲ್ಲ ಎನ್ನಲಾರೆ. ಸತ್ತ ಅಪ್ಪನ ಮೇಲೆ, ಎದುರು ಕೂತ ಎಂಬತ್ತರ ಮುದುಕಿಯ ಮೇಲೆ, ನನ್ನ ಬಾಯಿಗೆ ಬಿದ್ದ ಆ ಅಷ್ಟೂ ಮೊದಲ ತುತ್ತುಗಳ ಮೇಲೆ. ನೀನು ಎಣಿಸಿದಷ್ಟೇ ಸರಿ ಎಂದು ಅವನು ಸಾಯುವ ತನಕ ನನ್ನ ಕ್ಷಮೆ ಕೇಳಿದ್ದ, ನಾನು ಅದನ್ನು ಕರುಣೆ ಅಂದುಕೊಂಡಿದ್ದೆ. ಮಾತು ಬಿಟ್ಟು ಅವ್ವ ನನ್ನ ಪರ ನಿಂತಿದ್ದಳು, ಅದನ್ನೂ ನನ್ನ ತಪ್ಪಿಗೆ ಮನೆಯೇ ಅನುಭವಿಸುವ ಶಿಕ್ಷೆ ಅಂದುಕೊಂಡಿದ್ದೆ. ಇಬ್ಬರಿಗೂ ನನ್ನ ಮೇಲೆ ಪ್ರೀತಿ ಇತ್ತು. ಇಬ್ಬರೂ ಸೇರಿ ನನ್ನನ್ನು ಆ ಚಕ್ರದ ಪಕ್ಕದಲ್ಲಿ ಕುಕ್ಕರುಗಾಲಲ್ಲೇ ಬಿಟ್ಟು ಎದ್ದು ಹೋಗಿದ್ದರು.

ಶೆಡ್ಡಿನವನು ಉಜ್ಜಿ ಮುಗಿಸಿ ಮತ್ತೆ ಅಡಿಗೆ ಹೋದ. ಯಾರಾದರೂ ಒಂದು ಚೂರು ಸ್ಟೇರಿಂಗ್ ಆಡಿಸುತ್ತೀರಾ ಎಂದು ಕೂಗಿದ. ಅವ್ವ ಅಭ್ಯಾಸಬಲದಿಂದ ನೆಲಕ್ಕೆ ಕೈ ಊರಿ ಏಳಲು ಹೋದಳು, ಮಂಡಿ ಕೇಳಲಿಲ್ಲ. ನಾನು ಎದ್ದು ಹೋಗಿ ಸೀಟಿನಲ್ಲಿ ಕೂತೆ. ಅವ್ವನ ಜಾಗ ಅದು, ನಾನು ಯಾವತ್ತೂ ಅಲ್ಲಿ ಕೂತವಳಲ್ಲ. ಎಡಕ್ಕೆ ಅಂದ, ಬಲಕ್ಕೆ ಅಂದ, ಸಾಕು ಅಂದ. ನನಗೆ ಕೆಳಗಿನ ದನಿ ಕೇಳಿಸುತ್ತಿತ್ತು, ಗಾಜಿನ ಆಚೆ ಕಲ್ಲುಬೆಂಚು ಕಾಣುತ್ತಿತ್ತು. ಅದರ ಮೇಲಿಂದ ಒಂದು ಜಡೆ ಇಳಿಬಿದ್ದು ಅಲುಗುತ್ತಿತ್ತು. ಲಾಭ ಅಂದೆ. ಎರಡು, ಮೂರು, ನಾಲ್ಕು, ಐದು, ಆರು, ಏಳು.

ಏಳೇ. ನಾನು ಸರಿಯಾಗಿಯೇ ಎಣಿಸಿದ್ದೆ.